ಕೆಂಪು ಲೋಟದ ಮೇಲಿಲ್ಲದ ಹಬ್ಬ

ಅಮೆರಿಕದ ಸ್ಟಾರ್‌ಬಕ್ಸ್ ಕಂಪನಿ 1997ರಿಂದ ಕ್ರಿಸ್‌ಮಸ್ ಕಾಲಕ್ಕೆಂದು ಕಾಫಿಯ ಕಾಗದದ ಲೋಟಕ್ಕೆ ಹೊಸ ಚಿತ್ತಾರ ಹಾಕಿಸುತ್ತ ಬಂದಿದೆ. 2015ರ ನವೆಂಬರಿನಲ್ಲಿ ಬಂದ ಲೋಟದ ಮೇಲೆ ಚಿತ್ತಾರವೇ ಇರಲಿಲ್ಲ. ಬರೀ ಕೆಂಪು ಬಣ್ಣ, ಜೊತೆಗೆ ಕಂಪನಿಯ ಹಸಿರು ಲಾಂಛನ. ಯೇಸುವಿನ ಮೇಲಿನ ದ್ವೇಷದಿಂದಲೇ ಕಂಪನಿ ಹೀಗೆ ಮಾಡಿದೆ ಎಂದು ಜೋಶುವಾ ಫ್ಯೂಯರ್‌ಸ್ಟೀನ್ ಎಂಬ ಕ್ರೈಸ್ತ ಪ್ರಚಾರಕರು ವಿಡಿಯೊ ಮಾಡಿ ದೂರಿದರು. ತಮ್ಮ ಹೆಸರೇ ‘ಮೆರ್ರಿ ಕ್ರಿಸ್‌ಮಸ್’ ಎಂದು ಹೇಳಿ, ಅಂಗಡಿಯ ಕೆಲಸಗಾರರಿಂದ ಅದನ್ನು ಲೋಟದ ಮೇಲೆ ಬರೆಸಿದರು. ಅಧ್ಯಕ್ಷಗಾದಿಯ ಕಣದಲ್ಲಿದ್ದ ಡೊನಾಲ್ಡ್ ಟ್ರಂಪ್, ಸ್ಟಾರ್‌ಬಕ್ಸನ್ನು ಬಹಿಷ್ಕರಿಸಬೇಕೇನೋ ಎಂದರು.

ಆದರೆ ಹಿಂದಿನ ಲೋಟಗಳ ಮೇಲೆ ಇದ್ದದ್ದು ಹಿಮದ ಹರಳು, ಹಿಮಸಾರಂಗದಂಥ ಚಿತ್ರಗಳೇ ಹೊರತು ಶಿಲುಬೆಯಲ್ಲ, ಗೋದಲಿಯೂ ಅಲ್ಲ. ಇಲ್ಲದ್ದನ್ನು ಕಳೆದುಕೊಂಡ ದುಃಖ ಅದು.

ಇದೇ ನೆಲದಲ್ಲಿ, 1659ರಲ್ಲಿ, ಮ್ಯಾಸಚೂಸೆಟ್ಸ್ ಬೇ ವಸಾಹತು ಕ್ರಿಸ್‌ಮಸ್ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ ಗೊತ್ತುಮಾಡಿತ್ತು. ಹಾಗೆ ಮಾಡಿದವರು ನಾಸ್ತಿಕರಲ್ಲ, ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರು. ಬೈಬಲ್ಲಿನಲ್ಲಿ ಈ ಹಬ್ಬಕ್ಕೆ ಆಧಾರವಿಲ್ಲ ಎಂಬುದು ಅವರ ವಾದ. ಆ ಕಾನೂನು ರದ್ದಾದದ್ದು 1681ರಲ್ಲಿ. ಒಕ್ಕೂಟ ಸರ್ಕಾರ ಕ್ರಿಸ್‌ಮಸ್ ರಜೆಗೆ ಕಾನೂನು ಮಾಡಿದ್ದು 1870ರಲ್ಲಿ.

ಹಬ್ಬ ಬೇರೂರಿದ ಮೇಲೆ ಅದು ಅಪಾಯದಲ್ಲಿದೆ ಎಂಬ ಕೂಗೂ ಹುಟ್ಟಿತು. 1959ರಲ್ಲಿ ಜಾನ್ ಬರ್ಚ್ ಸೊಸೈಟಿ, ಅಂಗಡಿಗಳ ಅಲಂಕಾರದಲ್ಲಿ ಕಮ್ಯುನಿಸ್ಟರ ಕೈವಾಡ ಕಂಡಿತು. ಶತ್ರು ಬದಲಾದರೂ ದೂರು ಅದೇ.

1659ರಲ್ಲಿ ಆಚರಿಸಿದರೆ ದಂಡ, 2015ರಲ್ಲಿ ಹಾರೈಸದಿದ್ದರೆ ಸಿಟ್ಟು. ಎರಡರಲ್ಲೂ ಇದ್ದದ್ದು ತಮ್ಮ ನಂಬಿಕೆಯನ್ನು ಇನ್ನೊಬ್ಬರ ಕೈಯಿಂದ ಬರೆಸುವ ಹಟ. ಲೋಟ ಹಿಡಿದ ಕೆಲಸಗಾರನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ.