ಕದಡದ ಶಾಂತಿ: 1687ರ ತೀರ್ಪು ಮತ್ತು ಆತ್ಮ ಮಾರ್ಗದರ್ಶನ

ದೈವೀ ಬೆಳಕನ್ನು ಒಮ್ಮೆ ಕಂಡ ಆತ್ಮವು ಮತ್ತೆಂದೂ ಕದಡದ ಶಾಂತಿಯಲ್ಲಿ ನೆಲೆಸುವುದೇ ಎಂಬ ಪ್ರಶ್ನೆಯು ಹದಿನೇಳನೆಯ ಶತಮಾನದ ರೋಮಿನಲ್ಲಿ ನ್ಯಾಯಪೀಠದ ಮೆಟ್ಟಿಲನ್ನೇ ಏರಿತು. ಧರ್ಮಸಭೆಯ ಇತಿಹಾಸದ ಪಾಠದಲ್ಲಿ ಕ್ವೈಯೆಟಿಸಂ ಅಥವಾ ನಿಶ್ಚಲವಾದಕ್ಕೆ ದೊರೆಯುವುದು ಹೆಚ್ಚೆಂದರೆ ಅರ್ಧ ತಾಸು. ಆದರೆ ಧ್ಯಾನಕೂಟದಿಂದ ಹರ್ಷದಿಂದ ಮರಳಿ, ಕೆಲವೇ ತಿಂಗಳಲ್ಲಿ 'ನನ್ನ ಶಾಂತಿ ಎಲ್ಲಿ ಹೋಯಿತು, ಸ್ವಾಮಿ?' ಎಂದು ಕೇಳುವ ವಿಶ್ವಾಸಿಗೆ ಉತ್ತರ ಹೇಳಬೇಕಾದವರು ಆ ಪ್ರಕರಣವನ್ನು ಇನ್ನಷ್ಟು ಹತ್ತಿರದಿಂದ ನೋಡುವುದು ಒಳ್ಳೆಯದು.

ಮಿಗ್ವೆಲ್ ದೆ ಮೊಲಿನೋಸ್ 1628ರಲ್ಲಿ ಸ್ಪೇನಿನ ಅರಗಾನ್ ಪ್ರಾಂತದಲ್ಲಿ ಜನಿಸಿದ ಗುರು. 1663ರಲ್ಲಿ ರೋಮಿಗೆ ಬಂದ ಆತ ಅಲ್ಲಿ ಬಹುಬೇಗ ಪ್ರಸಿದ್ಧ ಆತ್ಮ ಮಾರ್ಗದರ್ಶಕನಾದ. 1675ರಲ್ಲಿ ಪ್ರಕಟವಾದ ಆತನ 'ಆಧ್ಯಾತ್ಮಿಕ ಮಾರ್ಗದರ್ಶಿ' ಹಲವು ಭಾಷೆಗಳಿಗೆ ಹರಡಿತು. ಅದನ್ನು ವಿರೋಧಿಸಿ 1680ರಲ್ಲಿ ಬರೆದ ಯೇಸುಸಭೆಯ ಪಾವ್ಲೋ ಸೆನ್ಯೇರಿಯವರ ಕೃತಿಯೇ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತೆಂದರೆ ಮೊಲಿನೋಸನ ಪ್ರಭಾವವನ್ನು ಊಹಿಸಬಹುದು. 1685ರಲ್ಲಿ ಗಾಳಿ ತಿರುಗಿತು, ಆತನ ಬಂಧನವಾಯಿತು. 1687ರ ಸೆಪ್ಟೆಂಬರಿನಲ್ಲಿ ಮಿನೆರ್ವ ದೇವಾಲಯದಲ್ಲಿ ಜನಸಮೂಹದ ಮುಂದೆ ಆತ ತನ್ನ ಬೋಧನೆಯನ್ನು ತ್ಯಜಿಸಿದ. ಅದೇ ನವೆಂಬರಿನಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು 68 ವಾಕ್ಯಗಳನ್ನು ಖಂಡಿಸಿದರು. 1696ರಲ್ಲಿ ಮೊಲಿನೋಸ್ ಸೆರೆಯಲ್ಲಿಯೇ ಸತ್ತ.

ಆ ವಾಕ್ಯಗಳಲ್ಲಿ 63ನೆಯದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಆಂತರಿಕ ಮಾರ್ಗದಲ್ಲಿ ನಡೆಯುವವನು ಎಡೆಬಿಡದ, ಅಲುಗದ, ಕದಡದ ಶಾಂತಿಯ ಸ್ಥಿತಿಯನ್ನು ತಲುಪುತ್ತಾನೆಂಬುದು ಅದರ ತಾತ್ಪರ್ಯ. ಮೇಲುನೋಟಕ್ಕೆ ಇದರಲ್ಲಿ ಕೇಡೇನೂ ಕಾಣದು. ಇದನ್ನು ಉಳಿದ ವಾಕ್ಯಗಳೊಡನೆ ಓದಿದಾಗ ಮಾತ್ರ ಅಪಾಯ ತಿಳಿಯುತ್ತದೆ. ಉಗ್ರ ಶೋಧನೆಯ ವೇಳೆಯಲ್ಲಿಯೂ ಆತ್ಮವು ಅದಕ್ಕೆ ವಿರುದ್ಧವಾದ ಸದ್ಗುಣವನ್ನು ಉದ್ದೇಶಪೂರ್ವಕವಾಗಿ ಆಚರಿಸಬಾರದು. ಪರಿಪೂರ್ಣರ ದೇಹದಲ್ಲಿ ಸೈತಾನನು ಬಲವಂತವಾಗಿ ಮಾಡಿಸುವ ಕೃತ್ಯಗಳು ಅವರ ಪಾಪವಲ್ಲ. ಆಂತರಿಕ ಮಾರ್ಗಕ್ಕೂ ಪಾಪನಿವೇದನೆಗೂ ಸಂಬಂಧವಿಲ್ಲ. ಇವು ಬಿಡಿ ಬಿಡಿ ತಪ್ಪುಗಳಲ್ಲ. ನನ್ನ ಶಾಂತಿ ಅಲುಗದೆಂದು ಮೊದಲೇ ತೀರ್ಮಾನಿಸಿದ ಮೇಲೆ, ಅದನ್ನು ಅಲುಗಿಸುವ ಕ್ರೋಧವನ್ನಾಗಲಿ ಕಾಮವನ್ನಾಗಲಿ 'ನನ್ನದು' ಎಂದು ಒಪ್ಪಿಕೊಳ್ಳಲಾಗದು. ನನ್ನದಲ್ಲದ ಪಾಪಕ್ಕೆ ಪಶ್ಚಾತ್ತಾಪವಿಲ್ಲ, ಪಶ್ಚಾತ್ತಾಪವಿಲ್ಲದೆಡೆ ಕ್ಷಮೆಯೂ ಇಲ್ಲ. ಶಾಂತಿಯನ್ನು ಕಾಪಾಡಲು ಹೊರಟವನು ಕ್ರಿಸ್ತನ ಕರುಣೆಯನ್ನೇ ಅನಗತ್ಯವಾಗಿಸಿದ.

ಖಂಡಿತವಾದ ವಾಕ್ಯಗಳಲ್ಲಿ ಬಹಳಷ್ಟು ಆ ಗ್ರಂಥದಲ್ಲಿ ಹಾಗೆಯೇ ದೊರೆಯುವುದಿಲ್ಲವೆಂಬುದನ್ನೂ ಹೇಳಬೇಕು. ಗ್ರಂಥವು ಆತ್ಮದ ಶುಷ್ಕತೆಯ ಕುರಿತು ಸಾಕಷ್ಟು ಮಾತನಾಡುತ್ತದೆ. ತೀರ್ಪಿನ ತರುವಾಯ ಅನುಭಾವ ಪ್ರಾರ್ಥನೆಯೆಲ್ಲವೂ ಬಹುಕಾಲ ಸಂಶಯಕ್ಕೆ ಗುರಿಯಾಯಿತು. ಕಳೆಯೊಡನೆ ಪೈರನ್ನೂ ಕಿತ್ತಂತಾಯಿತೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಹಳೆಯ ಸಂಪ್ರದಾಯವು ಶಾಂತಿಯನ್ನು ಅಲ್ಲಗಳೆದಿರಲಿಲ್ಲ. ದೇವಶಾಂತಿಯು ಹೃದಯಗಳನ್ನು ಕಾಯುವುದೆಂದು ಫಿಲಿಪ್ಪಿಯವರಿಗೆ ಬರೆದ ಸಂತ ಪೌಲರು (4:7) ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದವು ಸೈನಿಕರ ಕಾವಲನ್ನು ಸೂಚಿಸುತ್ತದೆ. ಶತ್ರುವಿದ್ದಲ್ಲಿ ತಾನೇ ಕಾವಲು. ಅದೇ ಪೌಲರು ಮಕೆದೋನಿಯದಲ್ಲಿ ತಮ್ಮೊಳಗಿದ್ದ ಭಯವನ್ನು ಕೊರಿಂಥದವರಿಂದ ಮರೆಮಾಚಲಿಲ್ಲ (2 ಕೊರಿಂಥ 7:5). ಸಂತ ಇಗ್ನಾಸಿಯವರಂತೂ ಸಾಂತ್ವನವು ನಮ್ಮ ಸಂಪಾದನೆಯಲ್ಲ, ವರ ಎಂಬುದನ್ನು ಕಲಿಸಲೆಂದೇ ದೇವರು ಅದನ್ನು ಕೆಲವೊಮ್ಮೆ ಹಿಂತೆಗೆದುಕೊಳ್ಳುತ್ತಾರೆ ಎಂದರು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. 1946ರಲ್ಲಿ ಡಾರ್ಜಿಲಿಂಗಿನ ರೈಲಿನಲ್ಲಿ ಕರೆಯನ್ನು ಕೇಳಿದ ಮದರ್ ತೆರೇಸಾ, ಕೊಲ್ಕತ್ತದಲ್ಲಿ ಸೇವೆ ಆರಂಭವಾದೊಡನೆ ಆಂತರಿಕ ಅಂಧಕಾರಕ್ಕೆ ಒಳಗಾದರು. 1958ರಲ್ಲಿ ಕೆಲವು ವಾರಗಳ ಬಿಡುವನ್ನುಳಿದು ಅದು ದಶಕಗಳ ಕಾಲ ಮುಂದುವರಿಯಿತೆಂದು 2007ರಲ್ಲಿ ಪ್ರಕಟವಾದ ಪತ್ರಗಳು ತಿಳಿಸುತ್ತವೆ. 63ನೆಯ ವಾಕ್ಯದ ಅಳತೆಗೋಲಿನಲ್ಲಿ ಅವರ ಮುಗುಳ್ನಗೆ ಬರಿಯ ನಟನೆಯೆನಿಸೀತು. 1961ರಲ್ಲಿ ಅವರ ಅಳಲನ್ನು ಆಲಿಸಿದವರು ಪುಣೆಯ ಯೇಸುಸಭೆಯ ದೈವಶಾಸ್ತ್ರಜ್ಞ ಜೋಸೆಫ್ ನಾಯ್ನರ್. ನಮ್ಮ ಗುರುಮಠದ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ತಿರುಗುವ ಧರ್ಮಸಭೆಯ ಬೋಧನೆಗಳ ಸಂಕಲನದ ಇಬ್ಬರು ಸಂಪಾದಕರಲ್ಲೊಬ್ಬರು. ಅವರು ಕತ್ತಲೆ ಕಳೆಯುವುದೆಂದು ಭರವಸೆ ನೀಡಲಿಲ್ಲ. ಇದಕ್ಕೆ ಮಾನುಷ ಪರಿಹಾರವಿಲ್ಲ, ಆದ್ದರಿಂದ ಇದು ನಿಮ್ಮ ತಪ್ಪಲ್ಲ. ಯೇಸುವಿನ ಸಾನ್ನಿಧ್ಯಕ್ಕೆ ಅನುಭವವೊಂದೇ ಪುರಾವೆಯಲ್ಲ. ದೇವರಿಗಾಗಿ ನಿಮಗಿರುವ ಹಂಬಲವೇ ಅವರು ನಿಮ್ಮಲ್ಲಿರುವುದರ ಗುರುತು ಎಂದಷ್ಟೇ ತಿಳಿಸಿದರು. ತಾನು ಆ ಕತ್ತಲೆಯನ್ನು ಪ್ರೀತಿಸತೊಡಗಿದ್ದೇನೆಂದು ಮದರ್ ತೆರೇಸಾ ಅವರಿಗೆ ಬರೆದದ್ದು ಅದರ ತರುವಾಯ.