ಖಾನಾಪುರದ ಬೇರು, ಬೆಳಗಾವಿಯ ಸೀಸೆ

ಬೆಳಗಾವಿಯಿಂದ ನೈರುತ್ಯಕ್ಕೆ ಹೊರಟು, ಜಾಂಬೋಟಿಯನ್ನು ದಾಟಿ, ಮಲಪ್ರಭೆಯು ಹುಟ್ಟುವ ಕಣಕುಂಬಿಯತ್ತ ಸಾಗುವವನಿಗೆ ಬಯಲಿನ ಬೆಳಕು ಹಿಂದೆ ಸರಿದು ಸಹ್ಯಾದ್ರಿಯ ಕಾಡಿನ ನೆಳಲು ಕವಿಯತೊಡಗುವುದು. ಖಾನಾಪುರ ತಾಲೂಕಿನ ಈ ಅಡವಿಯಲ್ಲಿ ಅಳಲೆಯುಂಟು, ತಾರೆಯುಂಟು, ಮುರುಗಲು, ಸರ್ಪಗಂಧಿ, ಅಮೃತಬಳ್ಳಿಗಳುಂಟು. ಇಲ್ಲಿಯ ಜನ ಗಾಂವಟಿ ಔಷಧವೆಂದು ಕರೆಯುವ ಚಿಕಿತ್ಸೆಗೆ ಇವೇ ಬಂಡವಾಳ. ಮೂಲಿಕೆಗಳ ಸತ್ತ್ವವನ್ನು ತೆಗೆದು ಪರೀಕ್ಷಿಸುವ ಕಾರ್ಯವು ಗಾಜಿನ ಪಾತ್ರೆಗಳೊಡನೆ ಹುಟ್ಟಿತೆಂದು ತಿಳಿಯುವವರು ಈ ದಾರಿಯಲ್ಲೊಮ್ಮೆ ನಡೆದು ನೋಡಬೇಕು.

ಸತ್ತ್ವವನ್ನು ತೆಗೆಯುವ ಬಗೆಗಳನ್ನು ನಮ್ಮ ಪೂರ್ವಿಕರು ಐದಾಗಿ ವಿಂಗಡಿಸಿದ್ದರು: ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ ಹಿಮ, ಬಿಸಿನೀರಿನಲ್ಲಿ ಅದ್ದಿ ಸೋಸಿದ ಫಾಂಟ. ಕ್ವಾಥಕ್ಕೆ ಒಂದು ಪಾಲು ಮೂಲಿಕೆ, ಹದಿನಾರು ಪಾಲು ನೀರು. ಅದು ಎಂಟರಲ್ಲೊಂದು ಪಾಲಿಗೆ ಇಳಿಯುವವರೆಗೆ ಮಂದವಾದ ಉರಿ ಎಂದು ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನು ವಿಧಿಸಿದನು. ಎಷ್ಟು ಕುದಿದರೆ ಗುಣ ಇಳಿದೀತು, ಎಷ್ಟು ಮೀರಿದರೆ ಕೆಟ್ಟೀತು ಎಂಬುದನ್ನು ತಲೆಮಾರುಗಳ ಕಾಲ ಗಮನಿಸದೆ ಇಂತಹ ಅಳತೆಯೊಂದು ನಿಲ್ಲಲಾರದು. ಇದನ್ನು ಪರೀಕ್ಷೆಯೆನ್ನದೆ ಮತ್ತೇನೆನ್ನೋಣ?

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಸ್ಯಗಳು ಕಾಗದಕ್ಕೇರತೊಡಗಿದವು. ರಿಚಿ ಎಂಬ ಸಂಗ್ರಾಹಕನು ಬೆಳಗಾವಿಯ ಸುತ್ತಮುತ್ತ ಗಿಡಗಳನ್ನು ಕೂಡಿಸಿದನು. 1901ರಿಂದ 1908ರವರೆಗೆ ಪ್ರಕಟವಾದ ಥಿಯೋಡೋರ್ ಕುಕ್‌ನ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲಿ ಬೆಳಗಾವಿಯ ಹೆಸರಿನ ಪಕ್ಕದಲ್ಲಿ ಅವನ ಹೆಸರು ಮತ್ತೆ ಮತ್ತೆ ಕಾಣುವುದು. ಅವನಿಗೆ ಕಾಡಿನ ದಾರಿ ತೋರಿದವರ ಹೆಸರು ಅಲ್ಲಿಲ್ಲ. ಕುಕ್‌ನ ಗ್ರಂಥಕ್ಕೂ ಮುನ್ನ, 1889ರಿಂದ 1893ರೊಳಗೆ, ಡೈಮಾಕ್, ವಾರ್ಡನ್, ಹೂಪರ್ ಎಂಬ ಮೂವರು ‘ಫಾರ್ಮಕೊಗ್ರಾಫಿಯಾ ಇಂಡಿಕಾ’ ಎಂಬ ಗ್ರಂಥವನ್ನು ಹೊರತಂದು, ಭಾರತದ ಮೂಲಿಕೆಗಳ ರಾಸಾಯನಿಕ ವಿಶ್ಲೇಷಣೆಗೆ ಭದ್ರವಾದ ತಳಹದಿಯನ್ನು ಹಾಕಿದರು.

1933ರಲ್ಲಿ ಕರ್ನಲ್ ಚೋಪ್ರಾ ಅವರು ದೇಶೀಯ ಔಷಧಗಳನ್ನು ಕುರಿತು ಬರೆದ ಹೆಸರಾಂತ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಬೆಳಗಾವಿಯ ಶಹಾಪುರದಲ್ಲಿ, ಇಂದು ಬಿ. ಎಂ. ಕಂಕಣವಾಡಿ ಅವರ ಹೆಸರಿನಲ್ಲಿ ಕೆ.ಎಲ್.ಇ. ಸಂಸ್ಥೆಯ ಆಶ್ರಯದಲ್ಲಿರುವ ಆಯುರ್ವೇದ ಮಹಾವಿದ್ಯಾಲಯವು ಆರಂಭವಾಯಿತು. 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಇದೇ ನಗರದಲ್ಲಿ ತೆರೆದ ಸಂಶೋಧನ ಕೇಂದ್ರವು ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿ ನಿಂತಿದೆ. ಮುರಿದ ಮೂಳೆಗೆ ಪಶ್ಚಿಮಘಟ್ಟದ ನಾಟಿವೈದ್ಯರು ಕಟ್ಟುವ ಮದ್ದಿನ ಗಿಡಗಳನ್ನು ಇಲ್ಲಿಯ ವಿಜ್ಞಾನಿಗಳು 2012ರಲ್ಲಿ ದಾಖಲಿಸಿ ಪ್ರಕಟಿಸಿದರು.

ಇಂತಹ ಸಂಸ್ಥೆಗಳ ಪ್ರಯೋಗಶಾಲೆಗಳಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ನೋಡಿರಿ. ನೆರಳಿನಲ್ಲಿ ಒಣಗಿಸಿ ಪುಡಿಮಾಡಿದ ಬೇರನ್ನು ಕಾಗದದ ಕೊಳವೆಯಲ್ಲಿ ತುಂಬಿ, ಕೆಳಗೆ ಕುದಿಯುವ ಮದ್ಯಸಾರದ ಆವಿಯು ಮೇಲೆ ತಣಿದು ಹನಿಹನಿಯಾಗಿ ಅದರ ಮೇಲೆ ಬೀಳುವಂತೆ ಮಾಡುವರು. ಗಂಟೆಗಟ್ಟಲೆ ಹೀಗೆ ತೊಳೆದು, ಮದ್ಯಸಾರವನ್ನು ಆರಿಸಿದಮೇಲೆ ಉಳಿಯುವ ಕಂದುಬಣ್ಣದ ಅಂಟನ್ನು ಕರಗಿಸಿ, ರೋಗಾಣು ಹರಡಿದ ತಟ್ಟೆಯ ಪುಟ್ಟ ಕುಳಿಯಲ್ಲಿಡುವರು. ಮರುದಿನ ಕುಳಿಯ ಸುತ್ತ ತಿಳಿಯಾದ ವೃತ್ತ ಮೂಡಿದ್ದರೆ ಅಲ್ಲಿ ರೋಗಾಣು ಬೆಳೆದಿಲ್ಲವೆಂದು ಅರ್ಥ. ತಟ್ಟೆಯಲ್ಲಿ ಗೆದ್ದುದೆಲ್ಲ ಮನುಷ್ಯದೇಹದಲ್ಲಿ ಗೆಲ್ಲಲಾರದು. ವೃತ್ತವೊಂದನ್ನು ಕಂಡಮಾತ್ರಕ್ಕೆ ಮದ್ದು ದೊರೆಯಿತೆಂದು ಸಾರುವುದು ರೋಗಿಗೆ ಬಗೆಯುವ ದ್ರೋಹ.

ಇದಕ್ಕೆ ನಮ್ಮ ಘಟ್ಟದ ದುರ್ವಾಸನೆಯ ಮರವೇ ಸಾಕ್ಷಿ. ಮರಾಠಿ ಮಾತಾಡುವವರು ಇದನ್ನು ನರಕ್ಯಾ ಎನ್ನುವರು. ಅಮೆರಿಕದಲ್ಲಿ ವಾಲ್ ಮತ್ತು ನಮ್ಮ ದೇಶದಲ್ಲಿ ಜನಿಸಿದ ಮನಸುಖ ವಾಣಿ ಇವರು ಚೀನಾದ ಮರವೊಂದರಿಂದ 1966ರಲ್ಲಿ ಬೇರ್ಪಡಿಸಿದ ಕ್ಯಾಂಪ್ಟೊಥೆಸಿನ್ ಎಂಬ ಸತ್ತ್ವವು ಈ ಮರದಲ್ಲಿಯೂ ಇರುವುದೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿಕೊಟ್ಟರು. ಅರ್ಬುದವನ್ನು ತಡೆಯುವ ಶಕ್ತಿ ಅದಕ್ಕಿದ್ದಿತಾದರೂ, ವಿಷವೂ ಅಷ್ಟೇ ಪ್ರಬಲವಾಗಿದ್ದುದರಿಂದ ಮೊದಲ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಅದರಿಂದ ರೂಪಾಂತರಿಸಿದ ಎರಡು ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತುದು 1996ರಲ್ಲಿ. ಮೂವತ್ತು ವರ್ಷಗಳ ತಾಳ್ಮೆಯ ಫಲವದು! ಇತ್ತ ಘಟ್ಟದಲ್ಲಿ, ಬೇಡಿಕೆ ಏರಿದಂತೆ, ಮರಗಳಿಗೆ ಕೊಡಲಿ ಬಿದ್ದಿತು.

ಸಸ್ಯದ ಮಾದರಿಯನ್ನು ಒಣಗಿಸಿ ಅಂಟಿಸುವ ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ದೊರೆತ ಊರು, ದಿನಾಂಕ, ಸಂಗ್ರಹಿಸಿದವರ ಹೆಸರು ಇವಿಷ್ಟನ್ನು ಬರೆಯುವುದು ವಾಡಿಕೆ. ಖಾನಾಪುರದ ಅಡವಿಯಿಂದ ಬೆಳಗಾವಿಗೆ ಬರುವ ಪ್ರತಿಯೊಂದು ಹಾಳೆಯ ಮೇಲೆಯೂ, ಒಪ್ಪಿಗೆ ಪಡೆದು, ಗಿಡದ ಗುಣವನ್ನು ಹೇಳಿಕೊಟ್ಟವರ ಹೆಸರನ್ನೂ ಬರೆಯಿರಿ ಎಂದು ನಮ್ಮ ಸಂಶೋಧಕರನ್ನು ಪ್ರಾರ್ಥಿಸುತ್ತೇನೆ.