ಕಣ್ಣಿಗೆ ಶ್ರುತಿ, ಕಿವಿಗೆ ಶ್ರುತಿ

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಯುಕುಲೆಲೆ ಕಲಿಯುವ ಗೆಳೆಯರಿದ್ದರೆ, ಹವಾಯಿಯ ಆ ನಾಲ್ಕು ತಂತಿಯ ವಾದ್ಯದ ತಲೆಗೆ ಸಿಕ್ಕಿಸಿದ ಪುಟ್ಟ ಟ್ಯೂನರನ್ನು ನೀವು ನೋಡಿರಬಹುದು. ಅದು ಹಿಡಿಯುವುದು ಮರದ ಕಂಪನವನ್ನು. ಹಾಗಾಗಿ ಬಸ್ಸಿನ ಗದ್ದಲದಲ್ಲೂ ತಪ್ಪುವುದಿಲ್ಲ. ವಾದ್ಯದ ‘ಎ’ ತಂತಿ ಸೆಕೆಂಡಿಗೆ 440 ಬಾರಿ ಕಂಪಿಸಬೇಕು. ಈ ಅಳತೆಯನ್ನು ಒಪ್ಪಿದ್ದು 1939ರ ಲಂಡನ್ ಸಮ್ಮೇಳನ.

ನಮ್ಮ ಷಡ್ಜಕ್ಕೆ ಇಂಥ ಕಟ್ಟುಪಾಡಿಲ್ಲ. ಹಾಡುವವರ ಕಂಠವೇ ಅದನ್ನು ಗೊತ್ತುಮಾಡುತ್ತದೆ. ಆದ್ದರಿಂದಲೇ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಕೆಲಸವೇ ಬೇರೆ. ಟ್ಯೂನರು ತಂತಿ ಸರಿಯಾಯಿತೆಂದು ತೋರಿಸಿ ಸುಮ್ಮನಾಗುತ್ತದೆ. ತಂಬೂರಿಯೋ ಕಲಾವಿದರು ಆರಿಸಿದ ಶ್ರುತಿಯನ್ನು ಕಚೇರಿ ಮುಗಿಯುವವರೆಗೂ ಕಿವಿಗೆ ಹಾಕುತ್ತಲೇ ಇರುತ್ತದೆ.

ಒಮ್ಮೆ ಹೀಗೆ ಮಾಡಿ. ‘ಎ’ ತಂತಿಯನ್ನು ಟ್ಯೂನರಿನಿಂದ ಸರಿಪಡಿಸಿ, ಉಳಿದ ಮೂರನ್ನು ಕಿವಿಯಿಂದಲೇ ಕೂಡಿಸಿ. ಆಮೇಲೆ ಟ್ಯೂನರನ್ನು ನೋಡಿ.